ಅವಸರವಿಲ್ಲದ ಕಾರು

ಬೆಂಗಳೂರಿನಲ್ಲಿ ಯಾರಾದರೂ ಹೊಸ ಕಾರು ತಂದರೆ ಅಕ್ಕಪಕ್ಕದವರು ಕೇಳುವುದು ಮೂರೇ ಪ್ರಶ್ನೆ. ಎಷ್ಟು ಕೊಡುತ್ತೆ? ಎಷ್ಟು ಜನ ಕೂರಬಹುದು? ಹಂಪ್ ದಾಟುವಾಗ ಅಡಿ ತಾಗಲ್ಲ ತಾನೆ? ಬಣ್ಣದ ಬಗ್ಗೆ ಯಾರೋ ಒಂದು ಮಾತು ಆಡಿಯಾರು. ಟಾಪ್ ಹಿಂದಕ್ಕೆ ಹೇಗೆ ಇಳಿದಿದೆ, ಬಾನೆಟ್ಟು ಎಲ್ಲಿ ಬಾಗಿದೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರಿಗೆ ತಮ್ಮ ಕಾರಿನ ಅಂದ ಕಾಣುವುದಿಲ್ಲ. ಮುಂದಿನ ಟೆಂಪೋದ ಬೆನ್ನು ಕಾಣುತ್ತದೆ, ಅಷ್ಟೇ.

ಹಳೆಯ ಕೂಪೆ, ಅಂದರೆ ಟಾಪ್ ಹಿಂದಕ್ಕೆ ಇಳಿಜಾರಾದ ಎರಡು ಬಾಗಿಲಿನ ಕಾರು, ಈ ಮೂರರಲ್ಲಿ ಎರಡು ಪ್ರಶ್ನೆಗಂತೂ ಫೇಲ್. ಹಿಂದೆ ಸೀಟು ಅಂತ ಒಂದಿರುತ್ತದೆ, ಆದರೆ ಅಲ್ಲಿ ದೊಡ್ಡವರು ಕೂರಲಾರರು. ಚಿಕ್ಕವರು ಕೂರಬೇಕಾದರೂ ಮುಂದಿನ ಸೀಟು ಮಡಚಿ ನುಸುಳಬೇಕು. ಮದುವೆಗೆ ಹೊರಟ ಮನೆಯವರನ್ನು ಅದರಲ್ಲಿ ತುಂಬಿಸಿ ಕರೆದೊಯ್ಯುವ ಮಾತೇ ಇಲ್ಲ. ಹೀಗಿದ್ದೂ ಹಳೆ ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಕಡೆ ಜನ ಯಾವುದರ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತಾರೆ ಅಂತ ಗಮನಿಸಿ. ದೊಡ್ಡ ರೋಲ್ಸ್ ರಾಯ್ಸ್ ಮುಂದೆ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಪುಟ್ಟ ಕೂಪೆಯ ಸುತ್ತ ಮಾತ್ರ ಒಂದು ಸುತ್ತು ಹಾಕುತ್ತಾರೆ. ಕೆಲವರು ಎರಡು ಸುತ್ತು.

ಹಾಗೆ ಸುತ್ತು ಹಾಕಿಸುವ ಕಾರುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಫೋಕ್ಸ್‌ವ್ಯಾಗನ್ ಕಾರ್ಮನ್ ಗೀಯಾ. 1955ರಿಂದ 1974ರವರೆಗೆ ಜರ್ಮನಿಯ ಓಸ್ನಾಬ್ರೂಕ್ ಊರಿನಲ್ಲಿ ತಯಾರಾದ ಕಾರು. ಟಾಪ್ ತೆಗೆಯಬಹುದಾದ ಕನ್ವರ್ಟಿಬಲ್ ಕೂಡ ಇತ್ತು. ಆದರೆ ನನ್ನ ಮಾತೆಲ್ಲ ಕೂಪೆಯ ಬಗ್ಗೆ. ಟಾಪ್ ತೆಗೆದರೆ ಆ ಕಾರಿನ ಅರ್ಧ ಚೆಲುವು ಹೋಯಿತು ಅನ್ನುವವನು ನಾನು.

ಈ ಚೆಲುವಿನ ಅಡಿಯಲ್ಲಿ ಇರುವುದು ಬೀಟಲ್, ಫೋಕ್ಸ್‌ವ್ಯಾಗನ್ನಿನದೇ ಮಾಮೂಲಿ ಕಾರು. ಅದೇ ಚಾಸಿಯನ್ನು ಸ್ವಲ್ಪ ಅಗಲ ಮಾಡಿದ್ದಾರೆ. ಹಿಂದೆ ಅದೇ ನಾಲ್ಕು ಸಿಲಿಂಡರಿನ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್. ಶುರುವಿನಲ್ಲಿ 1192 ಸಿಸಿ, 30 ಅಶ್ವಶಕ್ತಿ. ಇವತ್ತು ಆಫೀಸಿಗೆ ಹೋಗುವ ಯಾವ ಸಣ್ಣ ಹ್ಯಾಚ್‌ಬ್ಯಾಕ್ ಆದರೂ ಅದನ್ನು ಆರಾಮವಾಗಿ ಹಿಂದೆ ಹಾಕುತ್ತದೆ. ಕಂಪನಿಗೂ ಇದು ಗೊತ್ತಿತ್ತು. ಅಮೆರಿಕದ ಟಿವಿಯಲ್ಲಿ ಬಂದ ಒಂದು ಜಾಹೀರಾತಿನಲ್ಲಿ ಈ ಕಾರು ದೊಡ್ಡ ಕಾಗದದ ಪರದೆಯ ಕಡೆಗೆ ನುಗ್ಗಿ ಬರುತ್ತದೆ. ಬೇರೆ ಕಾರಾಗಿದ್ದರೆ ಕಾಗದ ಹರಿದುಕೊಂಡು ಆಚೆ ಬರಬೇಕು. ಇದು ಕಾಗದಕ್ಕೆ ಢಿಕ್ಕಿ ಹೊಡೆದು ಅಲ್ಲೇ ನಿಂತುಬಿಡುತ್ತದೆ! ತನ್ನ ಕಾರನ್ನು ತಾನೇ ಹೀಗೆ ಆಡಿಕೊಳ್ಳಲು ಧೈರ್ಯ ಬೇಕು. ಉಳಿದದ್ದನ್ನು ಆ ಮೈಕಟ್ಟೇ ನೋಡಿಕೊಳ್ಳುತ್ತದೆ ಅಂತ ಅವರಿಗೆ ಗೊತ್ತಿದ್ದಿರಬೇಕು.

ಇದು ಹುಟ್ಟಿದ್ದೇ ಕದ್ದುಮುಚ್ಚಿ. ವಿಲ್ಹೆಲ್ಮ್ ಕಾರ್ಮನ್ ಅವರ ಕಾರ್ಖಾನೆ ಫೋಕ್ಸ್‌ವ್ಯಾಗನ್‌ಗೆ ಬೀಟಲ್ ಕನ್ವರ್ಟಿಬಲ್ ಮಾಡಿಕೊಡುತ್ತಿತ್ತು. ಅವರಿಗೆ ಅದಕ್ಕಿಂತ ಸೊಗಸಾದ ಕಾರು ಮಾಡುವ ಆಸೆ. ಇಟಲಿಯ ಟೂರಿನ್‌ನಲ್ಲಿದ್ದ ಗೀಯಾ ಸಂಸ್ಥೆಯ ಲುಯಿಜಿ ಸೆಗ್ರೆ ಹತ್ತಿರ ಮಾತಾಡಿದರು. ಸೆಗ್ರೆ ಫೋಕ್ಸ್‌ವ್ಯಾಗನ್ನಿಗೆ ತಿಳಿಸದೆ ಒಂದು ಬೀಟಲ್ ಹೊಂದಿಸಿಕೊಂಡು, ಅದರ ಮೇಲೆ ಹೊಸ ಮೈ ಕಟ್ಟಿ, 1953ರಲ್ಲಿ ಪ್ಯಾರಿಸ್‌ನಲ್ಲಿ ಕಾರ್ಮನ್‌ಗೆ ತೋರಿಸಿದರು. ಆ ವರ್ಷದ ಕೊನೆಗೆ ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಹೈನ್ರಿಕ್ ನಾರ್ಡ್‌ಹಾಫ್ ಒಪ್ಪಿಕೊಂಡರು. 1955ರಲ್ಲಿ ಕಾರು ಹೊರಬಂತು.

ಈ ಕಾರಿನ ರೂಪ ಬರೆದವರು ಯಾರು ಅನ್ನುವುದಕ್ಕೆ ಇವತ್ತಿಗೂ ಜಗಳ ಇದೆ. ಸೆಗ್ರೆ ಅನ್ನುತ್ತಾರೆ ಕೆಲವರು. ಗೀಯಾ ಸಂಸ್ಥೆಯಲ್ಲೇ ಇದ್ದ ಮಾರಿಯೊ ಬೋವಾನೊ ಅನ್ನುತ್ತಾರೆ ಇನ್ನು ಕೆಲವರು. ಅಮೆರಿಕದ ವರ್ಜಿಲ್ ಎಕ್ಸ್‌ನರ್ ಕ್ರೈಸ್ಲರ್ ಕಂಪನಿಗೆ ರೂಪಿಸಿದ ಪ್ರದರ್ಶನದ ಕಾರುಗಳನ್ನು ಕಟ್ಟಿಕೊಡುತ್ತಿದ್ದದ್ದೂ ಇದೇ ಗೀಯಾ ಸಂಸ್ಥೆ. ಅದರಲ್ಲಿ ಒಂದು ದೊಡ್ಡ ಕೂಪೆಯ ಗೆರೆಗಳನ್ನೇ ಕುಗ್ಗಿಸಿ ಈ ಕಾರು ಮಾಡಿದರು ಅನ್ನುವುದು ಎಕ್ಸ್‌ನರ್ ಕಡೆಯವರ ವಾದ. ಎರಡನ್ನೂ ಅಕ್ಕಪಕ್ಕ ಇಟ್ಟ ಚಿತ್ರ ನೋಡಿದರೆ ವಾದದಲ್ಲಿ ಹುರುಳಿಲ್ಲ ಅನ್ನಲಾಗದು. ಹಿಂದಿನ ಚಕ್ರದ ಮೇಲಿನ ಉಬ್ಬು ಎರಡರಲ್ಲೂ ಒಂದೇ ಥರ. ಆದರೆ ನನ್ನ ಕಣ್ಣಿಗೆ ದೊಡ್ಡ ಕಾರಿನಲ್ಲಿ ಆ ಗೆರೆ ಸ್ವಲ್ಪ ಜಂಬದ್ದು. ಚಿಕ್ಕದರಲ್ಲಿ ಅದು ತನ್ನ ಅಳತೆ ಕಂಡುಕೊಂಡಿದೆ.

ಸರಿ, ಆ ಗೆರೆಗಳ ವಿಷಯಕ್ಕೇ ಬರೋಣ.

ಮೊದಲು ಮೂತಿ ನೋಡಿ. ಅಲ್ಲಿ ಗ್ರಿಲ್ ಇಲ್ಲ. ಎಂಜಿನ್ ಹಿಂದೆ, ರೇಡಿಯೇಟರ್ ಅಂತೂ ಎಲ್ಲೂ ಇಲ್ಲ, ಹಾಗಾಗಿ ಮುಂದೆ ಗಾಳಿಗೆ ದೊಡ್ಡ ಬಾಯಿ ಬೇಡ. ಬಾನೆಟ್ಟಿನ ಅಡಿಯಲ್ಲಿ ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ, ಉಳಿದ ಜಾಗದಲ್ಲಿ ಒಂದು ಚೀಲ ಹಿಡಿಸಬಹುದು. ಎತ್ತರದ ವಸ್ತು ಏನೂ ಇಲ್ಲದ ಕಾರಣ ಮೂತಿಯನ್ನು ನೆಲದ ಕಡೆಗೆ ಎಷ್ಟು ಬೇಕೋ ಅಷ್ಟು ಇಳಿಸಬಹುದಿತ್ತು. ಇಳಿಸಿದ್ದಾರೆ. ಹೆಡ್‌ಲೈಟಿನ ಪಕ್ಕ ಒಳಗಡೆ ಎರಡು ಪುಟ್ಟ ಹೊಳ್ಳೆಗಳಿವೆ. ಅವು ಒಳಗೆ ಕೂತವರಿಗೆ ಗಾಳಿ ಬರಲು ಇರುವ ತೂತುಗಳು, ಎಂಜಿನ್ನಿಗೆ ಅಲ್ಲ. ಈಗಿನ ಎಲೆಕ್ಟ್ರಿಕ್ ಕಾರುಗಳಿಗೂ ದೊಡ್ಡ ಗ್ರಿಲ್ಲಿನ ಅಗತ್ಯ ಇಲ್ಲ. ಆದರೂ ಎಷ್ಟೋ ಕಾರುಗಳಿಗೆ ಮುಂದೆ ಸುಮ್ನೆ ಒಂದು ಕಪ್ಪು ಪ್ಲಾಸ್ಟಿಕ್ ಹಲಗೆ ಅಂಟಿಸಿರುತ್ತಾರೆ. ಖಾಲಿ ಮುಖ ಅಂದರೆ ನಮಗೆ ಯಾಕೋ ಭಯ.

ಆಮೇಲೆ ಪಕ್ಕಕ್ಕೆ ಬನ್ನಿ. ಹೆಡ್‌ಲೈಟಿನ ಹಿಂದಿನಿಂದ ಒಂದು ಉಬ್ಬು ಶುರುವಾಗಿ, ಮುಂದಿನ ಚಕ್ರದ ಮೇಲೆ ಹಾದು, ಬಾಗಿಲಿನ ಮೇಲೆ ತೆಳ್ಳಗಾಗುತ್ತಾ ಹೋಗುತ್ತದೆ. ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದು ಕರಗುವ ಹೊತ್ತಿಗೆ ಹಿಂದಿನ ಚಕ್ರದ ಉಬ್ಬು ಮೆಲ್ಲಗೆ ಎದ್ದಿರುತ್ತದೆ. ಕೈಯಾಡಿಸಿದರೆ ಮಟ್ಟಸವಾದ ಜಾಗ ಒಂದು ಅಂಗೈಯಷ್ಟೂ ಸಿಗುವುದಿಲ್ಲ. (ಮಾಲೀಕರನ್ನು ಕೇಳಿ ಕೈಯಾಡಿಸಿ. ಇಲ್ಲದಿದ್ದರೆ ಬೈಸಿಕೊಳ್ಳುತ್ತೀರಿ.) ಈಗಿನ ಕಾರುಗಳ ಬಾಗಿಲ ಮೇಲೆ ಎರಡು ಮೂರು ಚೂಪು ಗೀಟು ಎಳೆದಿರುತ್ತಾರಲ್ಲ, ಅಂಥದ್ದು ಇಲ್ಲಿ ಒಂದೂ ಇಲ್ಲ. ಬೆಳಕನ್ನು ಹಿಡಿಯಲು ಇಲ್ಲಿ ಗೀಟು ಬೇಕಾಗಿಲ್ಲ, ಉಬ್ಬುತಗ್ಗೇ ಆ ಕೆಲಸ ಮಾಡುತ್ತದೆ. ಮರದ ಕೆಳಗೆ ನಿಂತರೆ ಎಲೆಗಳ ನೆರಳು ಅದರ ಮೈಮೇಲೆ ಉದ್ದುದ್ದ ಎಳೆದುಕೊಂಡು ಹೋಗುತ್ತದೆ. ನಾವು ಒಂದು ಹೆಜ್ಜೆ ಇಟ್ಟರೆ ನೆರಳೂ ಒಂದು ಹೆಜ್ಜೆ ಜಾರುತ್ತದೆ. ಜನ ಸುತ್ತು ಹಾಕುವುದು ಇದಕ್ಕೇ ಅಂತ ನನ್ನ ಲೆಕ್ಕ. ನಿಂತಲ್ಲೇ ನಿಂತು ನೋಡಿದರೆ ಈ ಕಾರು ಪೂರ್ತಿ ಕಾಣುವುದಿಲ್ಲ.

ಇನ್ನು ಟಾಪ್. ಕೂಪೆಯ ಜೀವ ಇರುವುದೇ ಅಲ್ಲಿ. ಮುಂದಿನ ಗಾಜಿನ ಮೇಲೆ ಶುರುವಾದ ಗೆರೆ ಎಲ್ಲೂ ಮುರಿಯದೆ ಹಿಂದಿನ ಬಂಪರಿನವರೆಗೆ ಇಳಿಯಬೇಕು. ಹಿಂದೆ ಕೂತವರ ತಲೆಗೆ ಜಾಗ ಕೊಡಬೇಕು ಅಂದ ಕೂಡಲೇ ಆ ಗೆರೆ ಕೆಡುತ್ತದೆ. ಟಾಪ್ ಹಿಂದಕ್ಕೂ ಅಷ್ಟೇ ಎತ್ತರದಲ್ಲಿ ಹೋಗಬೇಕು, ಆಮೇಲೆ ದಬಕ್ಕನೆ ಬೀಳಬೇಕು. ಸೆಡಾನ್‌ಗಳ ಗತಿ ಅದು. ಕಾರ್ಮನ್ ಗೀಯಾದಲ್ಲಿ (ಇನ್ನು ಮುಂದೆ ಈ ಕಾರನ್ನು ಬರೀ ಗೀಯಾ ಅನ್ನುತ್ತೇನೆ) ಹಿಂದಿನ ಸೀಟನ್ನು ಹೆಚ್ಚುಕಮ್ಮಿ ಕೈಬಿಟ್ಟಿದ್ದಾರೆ. ಕೈಬಿಟ್ಟದ್ದರಿಂದಲೇ ಗೆರೆ ಉಳಿಯಿತು. ಟಾಪನ್ನು ಹೊತ್ತ ಕಂಬಗಳು ತೀರಾ ತೆಳ್ಳಗಿವೆ. ಬಾಗಿಲ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಹಾಗಾಗಿ ಕಿಟಕಿಗಳು ಇಳಿದಾಗ ಟಾಪ್ ಯಾವುದರ ಮೇಲೆ ನಿಂತಿದೆ ಅನ್ನುವ ಅನುಮಾನ ಬರುತ್ತದೆ.

ಅಳತೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಗುಟ್ಟಿನ ಒಂದು ಭಾಗ ಅಲ್ಲಿದೆ. ನಾವೆಲ್ಲ ನೋಡಿದ ಅಂಬಾಸಿಡರ್ ಉದ್ದ ಸುಮಾರು 4.3 ಮೀಟರ್, ಎತ್ತರ ಸುಮಾರು 1.6 ಮೀಟರ್. ಗೀಯಾದ ಉದ್ದ 4.1 ಮೀಟರಿಗೆ ಸ್ವಲ್ಪ ಜಾಸ್ತಿ. ಅಂದರೆ ಉದ್ದದಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಎತ್ತರ ಮಾತ್ರ 1.33 ಮೀಟರ್. ಒಂದು ಗೇಣಿಗಿಂತ ಜಾಸ್ತಿ ಕೆಳಗೆ! ಚಕ್ರಗಳು ಬೀಟಲ್‌ನವೇ, 15 ಇಂಚಿನ ರಿಮ್. ಕುಳ್ಳ ಮೈಗೆ ದೊಡ್ಡ ಚಕ್ರ ಬಂದ ಕಾರಣ ಕಾರು ನಿಂತಿದ್ದರೂ ನೆಲಕ್ಕೆ ಕಚ್ಚಿಕೊಂಡು ಕೂತ ಹಾಗೆ ಕಾಣುತ್ತದೆ. ಡಿಸೈನ್ ಕಲಿತವರು ಇದಕ್ಕೆ ದೊಡ್ಡ ದೊಡ್ಡ ಮಾತು ಹೇಳುತ್ತಾರೆ. ನನಗೆ ಅದು ಒಬ್ಬ ಒಳ್ಳೆ ದರ್ಜಿಯ ಕೆಲಸ ಅನಿಸುತ್ತದೆ. ಬಟ್ಟೆ ಮಾಮೂಲಿ, ಹೊಲಿಗೆಯಲ್ಲಿ ಇದೆ ಎಲ್ಲ.

ಹೊಲಿಗೆ ಅಂದೆ, ನಿಜಕ್ಕೂ ಅಲ್ಲಿ ಹೊಲಿಗೆ ಕಾಣುವುದಿಲ್ಲ. ಬೀಟಲ್‌ನ ಮಡ್‌ಗಾರ್ಡ್‌ಗಳನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದು. ಗೀಯಾದಲ್ಲಿ ಹಾಗಿಲ್ಲ. ಅಷ್ಟು ಬಾಗಿದ ಮೂತಿಯನ್ನು ಒಂದೇ ತಗಡಿನಲ್ಲಿ ಒತ್ತಿ ತೆಗೆಯಲು ಆಗ ಅವರಿಗೆ ಆಗುತ್ತಿರಲಿಲ್ಲ. ಹಲವು ತುಂಡು ಮಾಡಿ, ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡಿ, ಕೀಲುಗಳ ಮೇಲೆ ಕರಗಿಸಿದ ತವರದ ಮಿಶ್ರಲೋಹ ತುಂಬಿ, ಅರದಿಂದ ಉಜ್ಜಿ ಉಜ್ಜಿ ನಯ ಮಾಡುತ್ತಿದ್ದರು. ಪ್ರತಿ ಕಾರಿಗೂ, ಕೈಯಲ್ಲೇ. ಈ ಕಾರು ಒಂದೆರಡು ಸಾವಿರ ಮಾರಾಟವಾದದ್ದಲ್ಲ, ಎಲ್ಲ ಸೇರಿ 4 ಲಕ್ಷಕ್ಕೂ ಜಾಸ್ತಿ. ಹತ್ತೊಂಬತ್ತು ವರ್ಷ ಆ ಕಾರ್ಖಾನೆಯಲ್ಲಿ ಯಾರೋ ಒಂದಷ್ಟು ಜನ ದಿನವಿಡೀ ಮೂತಿ ಉಜ್ಜುತ್ತಾ ನಿಂತಿದ್ದರು. ಅವರ ಹೆಸರು ಯಾವ ಜಗಳದಲ್ಲೂ ಬರುವುದಿಲ್ಲ.

ವಿಲ್ಸನ್ ಗಾರ್ಡನ್ ಕಡೆ ನನಗೆ ಪರಿಚಯದ ಒಬ್ಬರು ಟಿಂಕರಿಂಗ್ ಮಾಡುವವರಿದ್ದಾರೆ. ಅಲ್ಲಿ ಎಲ್ಲರೂ ಅವರನ್ನು ಭಾಯ್ ಅಂತಾರೆ. ಫಿಯಟ್, ಅಂಬಾಸಿಡರ್ ಕಾಲದಿಂದ ತಗಡು ಬಡಿದ ಕೈ ಅದು. ಒಮ್ಮೆ ನನ್ನ ಕಾರಿನ ಬಾಗಿಲು ರಿಪೇರಿಗೆ ಬಿಟ್ಟಿದ್ದಾಗ, ಕಾಯುತ್ತಾ ಕೂತವನು ಫೋನಿನಲ್ಲಿದ್ದ ಗೀಯಾದ ಫೋಟೋಗಳನ್ನು ತೋರಿಸಿದೆ. ಅವರು ಮೂತಿಯ ಫೋಟೋ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು.

"ಇದಕ್ಕೆ ಜಾಯಿಂಟ್ ಎಲ್ಲಿದೆ ಸಾರ್?"

ಜಾಯಿಂಟ್ ಮುಚ್ಚಿಬಿಟ್ಟಿದ್ದಾರೆ ಭಾಯ್, ಅಂದೆ. ತವರ ತುಂಬಿ ಉಜ್ಜಿದ ಕಥೆ ಹೇಳಿದೆ.

"ಪುಟ್ಟಿ ಅಲ್ವಾ? ಲೋಹಾನೇ ತುಂಬಿದ್ದಾರಾ? ಹಂಗಾದ್ರೆ ಇದು ಗುದ್ದಿದ್ರೆ ಮುಗೀತು ಸಾರ್. ಮಡ್‌ಗಾರ್ಡ್ ಬಿಚ್ಚಿ ಬೇರೆ ಹಾಕೋಕಾಗಲ್ಲ. ಕತ್ತರಿಸಬೇಕು, ಹೊಸದು ಬಡೀಬೇಕು, ಅಳತೆ ಹಿಡೀಬೇಕು. ಈಗಿನ ಹುಡುಗರು ಯಾರು ಮಾಡ್ತಾರೆ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್ ಕೇಳಿದರು. "ಹಿಂದಿನ ಸೈಡು ಇದೆಯಾ?"

ಅವರು ಹೇಳಿದ್ದು ಸರಿ. ಹಳೆಯ ಗೀಯಾ ಕೊಳ್ಳುವವರು ಎಲ್ಲಿಯೇ ಇರಲಿ, ಮೊದಲು ನೋಡುವುದು ಮೂತಿಯನ್ನೇ. ಗುದ್ದು ತಿಂದಿದೆಯಾ, ಆಮೇಲೆ ತುಕ್ಕು ಹಿಡಿದಿದೆಯಾ. ಎಂಜಿನ್ ಬೀಟಲ್‌ನದ್ದಾದ್ದರಿಂದ ಅದರ ಸಾಮಾನು ಹೇಗೋ ಸಿಕ್ಕೀತು. ಮೈಗೆ ಬೇಕಾದ ತಗಡು ಮಾತ್ರ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಸುತ್ತಿದರೂ ಸಿಗದು. ರಿಪೇರಿ ಸುಲಭ ಆಗಲಿ ಅನ್ನುವುದನ್ನೂ ಈ ಕಾರು ಕೈಬಿಟ್ಟಿತ್ತು. ಸೀಟು ಬಿಟ್ಟಿತು, ವೇಗ ಬಿಟ್ಟಿತು, ಇದನ್ನೂ ಬಿಟ್ಟಿತು. ಕೈಯಲ್ಲಿ ಉಳಿಸಿಕೊಂಡದ್ದು ಆ ಗೆರೆಯೊಂದನ್ನೇ.

ಕೂಪೆ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಜಾಗ್ವಾರ್ ಇ-ಟೈಪ್. ಅದನ್ನು ಬಿಟ್ಟು ಈ ವಿಷಯ ಬರೆದರೆ ಬೈಯುವವರಿದ್ದಾರೆ. 1961ರ ಜಿನೀವಾ ಮೇಳದಲ್ಲಿ ಬಂದ ಕಾರು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೇ ಒಂದನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು. ರೂಪಿಸಿದ ಮಾಲ್ಕಮ್ ಸೇಯರ್ ಮೊದಲು ವಿಮಾನದ ಕಂಪನಿಯಲ್ಲಿದ್ದವರು. ಅಂದದ ಗೆರೆ ಎಳೆಯುವವನು ಅಂತ ಕರೆಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ಗಾಳಿ ಹೇಗೆ ಹರಿಯುತ್ತದೆ ಅನ್ನುವುದನ್ನು ಲೆಕ್ಕ ಹಾಕಿ, ಆ ಲೆಕ್ಕದಿಂದಲೇ ಮೈಯ ಬಾಗು ತೆಗೆಯುತ್ತಿದ್ದರು. ಫಲ ಕಣ್ಣೆದುರಿಗಿದೆ, ಅದ್ಭುತವಾಗಿದೆ. ಆದರೂ ಇ-ಟೈಪ್ ನೋಡುವಾಗ ನನ್ನ ತಲೆಯಲ್ಲಿ ಸ್ಪೀಡೋಮೀಟರ್ ಓಡುತ್ತದೆ. ಆ ಉದ್ದ ಬಾನೆಟ್ಟು ಒಳಗಿರುವ ದೊಡ್ಡ ಎಂಜಿನ್ನಿನ ಬಗ್ಗೆಯೇ ಮಾತಾಡುತ್ತದೆ. ಗೀಯಾ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. ವೇಗದ ಕಾರುಗಳ ಮೆರುಗು ಒಂದು ಕಾಲಕ್ಕೆ ಇಳಿಯುತ್ತದೆ, ಯಾಕೆಂದರೆ ಅದಕ್ಕಿಂತ ವೇಗದ್ದು ಬಂದೇ ಬರುತ್ತದೆ. ಯಾವತ್ತೂ ಜೋರಾಗಿ ಓಡದ ಕಾರಿಗೆ ಆ ಚಿಂತೆ ಇಲ್ಲ, ಅಲ್ವಾ?

ನಮ್ಮ ರಸ್ತೆಗಳಿಗೂ ಟೂರಿನ್ ಊರಿನ ಗೆರೆಗಳು ಹೊಸತೇನಲ್ಲ. ಪ್ರೀಮಿಯರ್ ಪದ್ಮಿನಿ ಅಂತ ನಾವು ಕರೆದದ್ದು ಅಲ್ಲಿನ ಫಿಯಟ್ 1100. ಇನ್ನೊಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಮೂಲವಾದ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಅನ್ನು ರೂಪಿಸಿದವರು ಟೂರಿನ್‌ನ ಜೊವಾನ್ನಿ ಮಿಕೆಲೊಟ್ಟಿ. ಬ್ರಿಟನ್ನಿನಲ್ಲಿ ಅದು 1959ರಲ್ಲಿ ಬಂತು, ಅದರಲ್ಲಿ ಕೂಪೆಯೂ ಇತ್ತು. ಮದ್ರಾಸಿನಲ್ಲಿ 1961ರಿಂದ ತಯಾರಾಗಿ ನಮಗೆ ಬಂದದ್ದು ಸಲೂನ್, ಅಂದರೆ ಸೆಡಾನ್ ಥರದ್ದು. ಆದರೂ ಮೊದಲಿಗೆ ಅದಕ್ಕೂ ಎರಡೇ ಬಾಗಿಲು. ಚೂಪು ರೆಕ್ಕೆ, ಅಗಲ ಗಾಜು, ಪೂರ್ತಿ ಮುಂದಕ್ಕೆ ಎತ್ತಿಕೊಳ್ಳುವ ಬಾನೆಟ್ಟು. ಜಯನಗರ, ಮಲ್ಲೇಶ್ವರದ ಹಳಬರಲ್ಲಿ ಹೆರಾಲ್ಡ್ ಹೆಸರು ಎತ್ತಿ ನೋಡಿ, ಮುಖ ಅರಳುತ್ತದೆ. ಆಮೇಲೆ ಏನಾಯಿತು? 1960ರ ದಶಕದ ಕೊನೆಗೆ ಭಾರತಕ್ಕಾಗಿಯೇ ನಾಲ್ಕು ಬಾಗಿಲಿನ ಹೆರಾಲ್ಡ್ ಬಂತು. ಅಜ್ಜಿ ಹಿಂದೆ ಕೂರಬೇಕು, ಸೀರೆ ಉಟ್ಟವರು ಸೀಟು ಮಡಚಿ ನುಸುಳಲಾಗದು. ಅವರ ಕಷ್ಟ ನ್ಯಾಯವಾದದ್ದೇ. ಕಾರು ಅಂದರೆ ಮನೆಮಂದಿಯ ಆಸ್ತಿ ಆಗಿದ್ದ ಕಾಲ ಅದು. ಒಬ್ಬರ ಕಣ್ಣಿಗೆ ಬೇಕು ಅಂತ ಎರಡು ಬಾಗಿಲು ಬಿಟ್ಟುಕೊಡುವಷ್ಟು ಪುರುಸೊತ್ತು ಯಾರಿಗಿತ್ತು?

ಈಗ ಪುರುಸೊತ್ತು ಇದೆ, ದುಡ್ಡೂ ಇದೆ. ಹಾಗಾಗಿ ಕೂಪೆ ಅನ್ನುವ ಹೆಸರು ವಾಪಸ್ ಬಂದಿದೆ. 2024ರಲ್ಲಿ ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್, ಮಹೀಂದ್ರದ ಎಕ್ಸ್‌ಇವಿ 9ಇ ಒಂದರ ಹಿಂದೆ ಒಂದು ಬಂದವು. ಎಲ್ಲಕ್ಕೂ ಕೂಪೆ ಎಸ್‌ಯುವಿ ಅಂತ ಹೆಸರು. ಕಾರುಗಳಾಗಿ ಅವು ಚೆನ್ನಾಗಿರಬಹುದು. ಆದರೆ ಟಾಪನ್ನು ಹಿಂದಕ್ಕೆ ಇಳಿಸಿದ ಮಾತ್ರಕ್ಕೆ ಕೂಪೆ ಆಗುತ್ತದೆ ಅನ್ನುವುದನ್ನು ನಾನು ಒಪ್ಪಲಾರೆ. ಸೊಂಟದ ಕೆಳಗೆ ಅಷ್ಟು ಎತ್ತರದ ಬಾಗಿಲು, ಅದರ ಮೇಲೆ ಪಟ್ಟಿಯಷ್ಟೇ ಅಗಲದ ಕಿಟಕಿ. ಗೆರೆ ಇಳಿಯುತ್ತದೆ, ಆದರೆ ಇಳಿದು ತಲುಪಲು ಅದಕ್ಕೆ ಕೆಳಗೆ ಜಾಗವೇ ಇಲ್ಲ. ಡಿಕ್ಕಿಯ ಅಂಚಿಗೆ ಬಂದು ಗಕ್ಕನೆ ನಿಂತುಬಿಡುತ್ತದೆ.

ಇದು ಡಿಸೈನ್ ಮಾಡುವವರ ತಪ್ಪು ಅಂತಲ್ಲ. ಕಾರಣಗಳಿವೆ. ಉರುಳಿದರೆ ಟಾಪ್ ಕುಸಿಯಬಾರದು, ಹಾಗಾಗಿ ಕಂಬ ದಪ್ಪ. ಕಂಬದ ಒಳಗೇ ಏರ್‌ಬ್ಯಾಗ್ ಕೂಡ. ರಸ್ತೆಯಲ್ಲಿ ನಡೆದು ಹೋಗುವವರಿಗೆ ಗುದ್ದಿದರೆ ಅವರ ತಲೆ ಎಂಜಿನ್ನಿಗೆ ಬಡಿಯಬಾರದು, ಹಾಗಾಗಿ ಬಾನೆಟ್ಟು ಮತ್ತು ಎಂಜಿನ್ ನಡುವೆ ಜಾಗ ಬಿಡಬೇಕು, ಮೂತಿ ಎತ್ತರವಾಗಬೇಕು. ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿ ನೆಲದ ಅಡಿಯಲ್ಲಿ, ಇಡೀ ಕಾರೇ ಮೇಲೆ. ಗೀಯಾದಲ್ಲಿ ಏರ್‌ಬ್ಯಾಗ್ ಇಲ್ಲ. ಇಂಥ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಔಟರ್ ರಿಂಗ್ ರೋಡಿಗೆ ಹೋಗು ಅಂದರೆ ನಾನು ಹೋಗಲಾರೆ. ಆ ತೆಳ್ಳನೆ ಕಂಬ ನೋಡಲು ಚಂದ, ಅದರ ಪಕ್ಕ ಲಾರಿ ಬಂದಾಗ ಅಷ್ಟು ಚಂದವಲ್ಲ.

ಸರ್ಕಾರದ ನಿಯಮವೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಣಕ್ಕೆ 5,000. ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ಹೊರತರಬಹುದು. ಓದಿದಾಗ ನನಗೆ ನಗು ಬಂತು. ಬೇರೆ ಕಾರುಗಳಿಗೆ ಇದು ಶಿಕ್ಷೆಯಾದೀತು. ಗೀಯಾದಂಥದ್ದಕ್ಕೆ ಅದು ಮೊದಲಿನಿಂದ ಮಾಡುತ್ತಿದ್ದ ಕೆಲಸವೇ: ಹೊರಗೆ ಬರುವುದು, ನಿಲ್ಲುವುದು, ನೋಡಿಸಿಕೊಳ್ಳುವುದು.

ಎಲ್ಲ ವರ್ಷದ ಗೀಯಾಗಳೂ ಒಂದೇ ಅಲ್ಲ ಅನ್ನುವುದನ್ನು ಹೇಳದಿದ್ದರೆ ಈ ಕಾರಿನ ಹುಚ್ಚು ಇರುವವರು ಸುಮ್ಮನಿರುವುದಿಲ್ಲ. 1959ರವರೆಗೆ ಹೆಡ್‌ಲೈಟುಗಳು ಕೆಳಗಿದ್ದವು. ಆ ವರ್ಷ ಅವುಗಳನ್ನು ಕೆಲವು ಸೆಂಟಿಮೀಟರ್ ಮೇಲೆತ್ತಿದರು, ಹೊಳ್ಳೆಗಳನ್ನು ಅಗಲ ಮಾಡಿದರು. ಮೊದಲಿನ ಕಾರುಗಳನ್ನು ಸಂಗ್ರಾಹಕರು ಲೋ-ಲೈಟ್ ಅಂತ ಕರೆದು ಜಾಸ್ತಿ ಬೆಲೆ ಕೊಡುತ್ತಾರೆ. ನನ್ನ ವೋಟು ಎತ್ತಿದ ಲೈಟಿಗೇ. ಲೋ-ಲೈಟಿನ ಮುಖ ಸ್ವಲ್ಪ ನಿದ್ದೆಗಣ್ಣು ಅನಿಸುತ್ತದೆ. ಆಮೇಲೆ ಹಿಂದಿನ ದೀಪಗಳು ದೊಡ್ಡದಾಗುತ್ತಾ ಬಂದವು. 1972ರ ಮಾದರಿಗೆ ಬರುವಷ್ಟರಲ್ಲಿ ದೀಪದ ಡಬ್ಬ ಇನ್ನೂ ಬೆಳೆದು, ಬಂಪರ್ ಚೌಕಟ್ಟಾಗಿ ದಪ್ಪನಾಯಿತು. ಮೈಯ ಒಂದು ಬಾಗನ್ನೂ ಮುಟ್ಟಿರಲಿಲ್ಲ, ಆದರೂ ಹಿಂದಿನಿಂದ ನೋಡಿದರೆ ಯಾರದೋ ಬೂಟು ಹಾಕಿಕೊಂಡ ಹಾಗೆ. ಎರಡು ವರ್ಷದ ನಂತರ ಅದರ ಜಾಗಕ್ಕೆ ಸಿರೊಕ್ಕೊ ಬಂತು. ಪಟ್ಟಿ ಹಿಡಿದು ಗೀಚಿದ ಚೂಪು ಮೈ, ಮುಂದೆ ಎಂಜಿನ್, ನೀರಿನ ರೇಡಿಯೇಟರ್. ಅದನ್ನು ರೂಪಿಸಿದ ಜಾರ್ಜೆಟ್ಟೊ ಜುಜಾರೊ ಕೂಡ ಹಿಂದೆ ಗೀಯಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು.

ಕಣ್ಣೆದುರಿಗೆ ಒಂದು ಸಿಕ್ಕಿದರೆ ಮುಂದಿನಿಂದ ಫೋಟೋ ತೆಗೆಯಬೇಡಿ, ಅದನ್ನು ಎಲ್ಲರೂ ತೆಗೆಯುತ್ತಾರೆ. ಹಿಂದಿನ ಬಂಪರಿನ ಮೂಲೆಗೆ ಹೋಗಿ, ಮಂಡಿ ಊರಿ ಕೂತು, ಟಾಪಿನ ಗೆರೆ ಹಿಂದಿನ ಚಕ್ರದ ಉಬ್ಬಿನ ಜೊತೆ ಸೇರುವ ಜಾಗ ನೋಡಿ. 1959 ಮತ್ತು 1969ರ ನಡುವಿನ ಕಾರಾದರೆ ಇನ್ನೂ ಒಳ್ಳೆಯದು, ದೀಪಗಳು ಆಗಿನ್ನೂ ಚಿಕ್ಕವು.